ಗ್ಯಾಲನ್ನಿಗೆ ಎಷ್ಟು ಮೈಲಿ

ನಮ್ಮ ಮದುವೆಯಾದ ವರ್ಷವೇ ಇವರು ಶಿವನಸಮುದ್ರದ ಕೆಲಸ ಬಿಟ್ಟರು. ಇವರು ಎಂದರೆ ನನ್ನ ಗಂಡ. ನನ್ನ ತವರು ಕೊತ್ತತ್ತಿ. ಆಗಷ್ಟೇ ನಾಲೆಯ ನೀರು ಬಂದು ನಮ್ಮಪ್ಪ ರಾಗಿ ಹೊಲವನ್ನು ಗದ್ದೆ ಮಾಡುತ್ತಿದ್ದ ಕಾಲ. ಕರೆಂಟು ತಯಾರಿಸುವ ಕಡೆ ಸಂಬಳದ ಕೆಲಸದಲ್ಲಿರುವ ಅಳಿಯ ಸಿಕ್ಕಿದ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ. ನಾನು ಮದ್ದೂರಿನ ಅತ್ತೆ ಮನೆಯ ಒಲೆಗೆ ಇನ್ನೂ ಒಗ್ಗಿರಲಿಲ್ಲ, ಅಷ್ಟರಲ್ಲಿ ಅಳಿಯ ಕೆಲಸ ಬಿಟ್ಟು ಬಸ್ಸು ಇಡುತ್ತಾನಂತೆ ಎಂಬ ಸುದ್ದಿ ಅಪ್ಪನಿಗೆ ಮುಟ್ಟಿತು. ಆಮೇಲೆ ಅವನು ಯಾರ ಹತ್ತಿರವೂ ಅಳಿಯನ ಮಾತು ಎತ್ತಲಿಲ್ಲ.

ಶಿವನಸಮುದ್ರದಲ್ಲಿ ಇವರ ಕೆಲಸ ಮೀಟರು ನೋಡುವುದು. ಸಾಲಾಗಿ ಕೂರಿಸಿದ ಮೀಟರುಗಳಲ್ಲಿ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ ಗಂಟೆಗೊಮ್ಮೆ ಬರೆದಿಡಬೇಕು. ಮುಳ್ಳು ಇಳಿದರೆ ಯಂತ್ರಕ್ಕೆ ಏನೋ ಆಗಿದೆ ಎಂದು ಅರ್ಥ. ಏನಾಗಿದೆ ಎಂದು ಹುಡುಕುವವರು ಬೇರೆ. ಇವರು ಆ ಕೆಲಸವನ್ನು ಪೂಜೆಯಂತೆ ಮಾಡಿದವರು. ಅಷ್ಟು ದೊಡ್ಡ ಕಾವೇರಿಯೇ ಒಂದು ಮುಳ್ಳಿನ ಮಾತು ಕೇಳುತ್ತದೆ, ನಾವು ಮನುಷ್ಯರು ಮಾತ್ರ ಕಣ್ಣಂದಾಜಿನಲ್ಲಿ ಬದುಕಿ ಹಾಳಾಗುತ್ತೇವೆ ಎನ್ನುವುದು ಇವರ ನಂಬಿಕೆ. ಮನೆಯಲ್ಲೂ ಅದೇ. ಹಸುವಿನ ಹಾಲನ್ನು ಹೊತ್ತು ಹೊತ್ತಿಗೂ ಅಳೆದು, ಹಾಲು ಇಳಿಯುತ್ತಾ ಬಂದಾಗ ಹಸುವನ್ನೇ ಮಾರಿಬಿಡೋಣ ಎಂದರು. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು.

"ಗಬ್ಬ ಆದ ಅಸ ಆಲು ಕಮ್ಮಿ ಕೊಡ್ದೆ ಇನ್ನೇನ್ಲಾ ಕೊಟ್ಟದು? ಓಗು, ನಿನ್ನ ಮೀಟ್ರು ನೋಡ್ಕೊ ಓಗು."

ಹಸು ಉಳಿಯಿತು. ಇವರು ನಗುತ್ತಾ ಹೋದರು. ಆಗ ನಗುತ್ತಿದ್ದರು.

ಬಸ್ಸು ಹಳೆಯದು. ತಮ್ಮ ಪಾಲಿನ ಹೊಲವನ್ನು ದಾಯಾದಿಗಳಿಗೆ ದುಡ್ಡಿಗೆ ಬಿಟ್ಟುಕೊಟ್ಟು ಇವರು ಅದನ್ನು ತಂದರು. ಮರದ ಮೈ, ಪಕ್ಕಕ್ಕೆ ಕಟ್ಟಿದ ರಬ್ಬರಿನ ಹಾರನ್ನು, ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರೆ ಮಾತ್ರ ಏಳುವ ಇಂಜಿನ್ನು. ಮದ್ದೂರಿನ ರೈಲ್ವೆ ಸ್ಟೇಷನ್ನಿನಿಂದ ಮಳವಳ್ಳಿಗೆ ಹೋಗುವುದು, ಬರುವುದು. ಡ್ರೈವರು ಇವರ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಬೀದಿಯವರು, ಶಿಂಷಾ ಹೊಳೆಯ ದಂಡೆಯಲ್ಲಿ ಒಟ್ಟಿಗೆ ದನ ಕಾಯ್ದವರು. ನಾಲೆ ಅಗೆಯುವ ಕಾಲದಲ್ಲಿ ಕಲ್ಲು ಸಾಗಿಸುವ ಲಾರಿಗೆ ಸೇರಿಕೊಂಡು ಅವನು ಗಾಡಿ ಓಡಿಸುವುದನ್ನು ಕಲಿತಿದ್ದ. ನಾನು ಅವನನ್ನು ಡ್ರೈವರಣ್ಣ ಎಂದು ಕರೆಯುತ್ತಿದ್ದೆ, ಅವನು ನನ್ನನ್ನು ತಂಗ್ಯವ್ವ ಎನ್ನುತ್ತಿದ್ದ. ಬಸ್ಸು ಬಂದ ವಾರವೇ ಇವರು ಹಜಾರದ ಗೋಡೆಗೆ ಒಂದು ಕರಿ ಹಲಗೆ ಹೊಡೆಸಿದರು. ಡ್ರೈವರಣ್ಣ ಸಂಜೆ ಬಂದವನು ಅದನ್ನು ನೋಡಿ ಬಾಗಿಲಲ್ಲೇ ನಿಂತ.

"ಏನ್ಲಾ ಇದು, ಅಟ್ಟೀಲಿ ಇಸ್ಕೂಲ್ ಮಡಗಿದ್ದೀಯಾ?"

"ಇಸ್ಕೂಲೇ ಕಣ್ಲಾ. ಟ್ರಿಪ್ಪಿಗೆ ಎಷ್ಟು ಜನ ಅತ್ತಿದ್ರು, ಒಂದು ಗ್ಯಾಲನ್ ಪೆಟ್ರೋಲಿಗೆ ಎಷ್ಟು ಮೈಲಿ ಓಡ್ತು, ದಿನಾ ಸಂಜೆ ಬರೀತೀನಿ. ಗಾಡಿಗೆ ಕಾಯ್ಲೆ ಬರಾಕೆ ಮುಂಚೇನೇ ಗೊತ್ತಾಯ್ತದೆ."

"ಗಾಡಿ ಕಾಯ್ಲೆ ನಂಗೆ ಅದ್ರ ಸದ್ದಲ್ಲೇ ಗೊತ್ತಾಯ್ತದೆ ಬುಡ್ಲಾ," ಎಂದು ಅವನು ಒಳಗೆ ಬಂದು ಮುದ್ದೆ ಉಂಡ.

ಆ ಹಲಗೆ ನಮ್ಮನ್ನು ಬದುಕಿಸಿದ್ದೂ ನಿಜ. ಅದನ್ನು ಹೇಳದಿದ್ದರೆ ಇವರಿಗೆ ಅನ್ಯಾಯ ಮಾಡಿದಂತೆ. ಮೊದಲ ತಿಂಗಳು ಬೆಳಗಿನ ಬಸ್ಸು ಅರ್ಧ ಖಾಲಿ ಹೋಗುತ್ತಿತ್ತು. ಎಲ್ಲರೂ ಜನರ ಹತ್ತಿರ ಕಾಸಿಲ್ಲ, ರೇಷ್ಮೆಯ ಬೆಲೆ ಬಿದ್ದುಹೋಗಿದೆ, ಯಾರು ಬಸ್ಸು ಹತ್ತುತ್ತಾರೆ ಎಂದರು. ಇವರು ಹಲಗೆಯ ಮುಂದೆ ಕುಳಿತು ನೋಡಿ ನೋಡಿ ಒಂದು ವಿಷಯ ಕಂಡುಕೊಂಡರು. ಬೆಂಗಳೂರು ಕಡೆಯ ರೈಲು ಬೇಗ ಬಂದ ದಿನಗಳಲ್ಲಿ ಮಾತ್ರ ಬಸ್ಸು ತುಂಬಿರುತ್ತಿತ್ತು. ಉಳಿದ ದಿನ ರೈಲು ಬರುವ ಮುಂಚೆಯೇ ನಮ್ಮ ಬಸ್ಸು ಹೊರಟುಬಿಟ್ಟಿರುತ್ತಿತ್ತು. ಮಾರನೆಯ ದಿನದಿಂದ ರೈಲು ಬರುವ ತನಕ ಬಸ್ಸು ನಿಲ್ಲಿಸಿದರು. ಜನ ಮೂಟೆ ಹೊತ್ತು ಸ್ಟೇಷನ್ನಿನಿಂದ ನೇರ ಬಸ್ಸಿಗೆ ಬರತೊಡಗಿದರು. ಮಳವಳ್ಳಿ ಸಂತೆಯ ದಿನ ಮಾವಿನ ಬುಟ್ಟಿ, ಕೋಳಿ, ವೀಳ್ಯದೆಲೆಯ ಪಿಂಡಿ ಎಲ್ಲ ಬಸ್ಸಿನ ಮೇಲೆ ಏರಿ ಕುಳಿತವು. ಅಪ್ಪ ಕೊತ್ತತ್ತಿಯಿಂದ ಬಂದು ಬಸ್ಸಿನಲ್ಲಿ ಡ್ರೈವರ ಪಕ್ಕದ ಸೀಟಿನಲ್ಲಿ ಕುಳಿತು ಮಳವಳ್ಳಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸಾದ. ಅಲ್ಲಿ ಅವನಿಗೆ ಏನೂ ಕೆಲಸವಿರಲಿಲ್ಲ.

ಎರಡನೆಯ ಬಸ್ಸು ಬಂತು. ಇದು ಹೊಸದು. ಓಡಿಸಲು ಮಂಡ್ಯದಿಂದ ಒಬ್ಬನನ್ನು ಕರೆತಂದರು. ಒಳ್ಳೆಯ ಶರಟು ಹಾಕುತ್ತಿದ್ದ, ಮಾತು ಕಡಿಮೆ. ಇವರು ಹಲಗೆಯ ಮಧ್ಯೆ ಒಂದು ಗೆರೆ ಎಳೆದು ಆ ಕಡೆ ಅವನ ಗಾಡಿ, ಈ ಕಡೆ ಡ್ರೈವರಣ್ಣನ ಗಾಡಿ ಎಂದು ಬರೆಯತೊಡಗಿದರು. ಆ ಗೆರೆ ಎಳೆದ ಮೇಲೆ ನಮ್ಮ ಹಜಾರದಲ್ಲಿ ಮಾತು ಬೇರೆಯಾಯಿತು.

ಮಂಡ್ಯದವನ ಗಾಡಿ ಒಂದು ಗ್ಯಾಲನ್ನಿಗೆ ಹೆಚ್ಚು ಮೈಲಿ ಓಡುತ್ತಿತ್ತು. ಗಾಡಿ ಹೊಸದು, ಸಹಜ. ಆದರೆ ಅಷ್ಟೇ ಅಲ್ಲ. ಅವನು ದಾರಿಯಲ್ಲಿ ನಿಲ್ಲಿಸುತ್ತಿರಲಿಲ್ಲ. ಡ್ರೈವರಣ್ಣ ಕೈ ಎತ್ತಿದವರಿಗೆಲ್ಲ ನಿಲ್ಲಿಸುವವನು. ಹೊಲದ ಬದುವಿನಿಂದ ಯಾರೋ ಕೂಗಿದರೆ ಅವರು ಓಡಿ ಬರುವ ತನಕ ಕಾಯುವವನು. ತುಂಬಿದ ಬಸುರಿ ಹತ್ತಿದ್ದರೆ ಹಳ್ಳ ದಿಣ್ಣೆಯಲ್ಲಿ ಎತ್ತಿನ ಗಾಡಿಗಿಂತ ನಿಧಾನ ಹೋಗುವವನು. ನಿಂತು ಹೊರಟಾಗಲೆಲ್ಲ ಪೆಟ್ರೋಲು ಕುಡಿಯುತ್ತದೆ ಎಂದು ಇವರು ಲೆಕ್ಕ ಹಾಕಿದರು. ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ ನೋಡಿ, ಮತ್ತೆ ನೋಡಿ, ಖಚಿತ ಮಾಡಿಕೊಂಡರು.

"ನೋಡ್ಲಾ," ಎಂದು ಒಂದು ಸಂಜೆ ಗೆಳೆಯನಿಗೆ ಹಲಗೆ ತೋರಿಸಿದರು. "ಅವ್ನ್ದು ಎಲ್ಲದೆ, ನಿಂದು ಎಲ್ಲದೆ."

"ನನ್ ಗಾಡಿ ಮುದುಕಿ ಕಣ್ಲಾ."

"ಮುದುಕಿ ಅಂತ ಬುಟ್ಟು ನೋಡಿದ್ರೂವೆ ಕಮ್ಮಿನೇ. ನೀನು ಸಿಕ್ಕಿದ್ ಕಡೆ ಎಲ್ಲಾ ನಿಲ್ಲುಸ್ತೀಯ. ನಾಳೆಯಿಂದ ನಾನು ಬರ್ದು ಕೊಟ್ಟ ಕಡೆ ಬುಟ್ಟು ಎಲ್ಲೂ ನಿಲ್ಲುಸ್ಬೇಡ."

"ಬಿಸ್ಲಲ್ಲಿ ಕಾಯ್ತಾ ನಿಂತಿರೋರ ಮುಂದೆ ಎಂಗ್ಲಾ ಬುಟ್ಟು ಓಗ್ಲಿ? ಅವ್ರೆಲ್ಲಾ ನಮ್ಮೋರೇಯ."

"ನಿಂಗೊಬ್ನಿಗೆ ಅಲ್ಲ ಇದು. ಇಬ್ರಿಗೂವೆ," ಎಂದರು ಇವರು. ಪಕ್ಕದಲ್ಲಿ ಮಂಡ್ಯದವನು ನಿಂತಿದ್ದ. ಅವನ ಎದುರಿಗೆ ಹೇಳಬಾರದಿತ್ತು ಎಂದು ನನಗೆ ಅಡುಗೆಮನೆಯ ಬಾಗಿಲಲ್ಲೇ ಅನ್ನಿಸಿತು.

ಡ್ರೈವರಣ್ಣ ಹಲಗೆಯನ್ನೇ ನೋಡುತ್ತಾ ನಿಂತಿದ್ದವನು, "ಆಯ್ತು ಯಜಮಾನ್ರೆ," ಎಂದ.

ಇವರು ಅದನ್ನು ತಮಾಷೆ ಎಂದುಕೊಂಡರು. ಅದು ತಮಾಷೆಯಾಗಿರಲಿಲ್ಲ. ಅವನು ಆಮೇಲೆ ಒಂದು ದಿನವೂ ಇವರನ್ನು ಲಾ ಎನ್ನಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೂ ಕೂರಲಿಲ್ಲ. ಬಾಗಿಲಲ್ಲಿ ನಿಂತು ಎಷ್ಟು ಜನ, ಎಷ್ಟು ಪೆಟ್ರೋಲು ಎಂದು ಒಪ್ಪಿಸಿ ಹೋಗುತ್ತಿದ್ದ. ಅತ್ತೆ ಒಂದೆರಡು ಸಲ ತಟ್ಟೆ ಇಟ್ಟು ಕರೆದರು. "ಅಟ್ಟೀಲಿ ಮಾಡವ್ರೆ ಕಣವ್ವ," ಎಂದು ಹೊರಟುಬಿಟ್ಟ.

ಕೆಲವು ವಾರ ಕಳೆದ ಮೇಲೆ ಅತ್ತೆಯೂ ನಾನೂ ಮಳವಳ್ಳಿಯಲ್ಲಿ ಒಂದು ಮದುವೆಗೆ ಅವನ ಬಸ್ಸಿನಲ್ಲೇ ಹೋದೆವು. ಕಾಳಮುದ್ದನದೊಡ್ಡಿ ದಾಟಿದ ಮೇಲೆ ದಾರಿ ಬದಿಯಲ್ಲಿ ಒಬ್ಬ ಮುದುಕಿ ರೇಷ್ಮೆಗೂಡಿನ ಮಂಕರಿ ಕೆಳಗಿಟ್ಟುಕೊಂಡು ಕೈ ಎತ್ತಿದಳು. ಬಸ್ಸು ನಿಲ್ಲಲಿಲ್ಲ. ಅವಳು ಎತ್ತಿದ ಕೈಯನ್ನು ಇಳಿಸದೆ, ಧೂಳಿನಲ್ಲಿ ನಮ್ಮನ್ನೇ ನೋಡುತ್ತಾ ಹಿಂದೆ ಉಳಿದಳು. ಅತ್ತೆ ಸೆರಗು ಮುಖಕ್ಕೆ ಎಳೆದುಕೊಂಡರು. ಮುಂದೆ ಇಳಿಜಾರು ಬಂದಾಗ ಇದ್ದಕ್ಕಿದ್ದಂತೆ ಇಂಜಿನ್ನಿನ ಸದ್ದು ನಿಂತುಹೋಯಿತು. ಬರೀ ಗಾಳಿಯ ಸದ್ದು, ಮರದ ಮೈ ಕಿರಗುಟ್ಟುವ ಸದ್ದು. ಬಸ್ಸು ಮಾತ್ರ ಓಡುತ್ತಲೇ ಇತ್ತು, ಮುಂಚಿಗಿಂತ ಜೋರಾಗಿ. ನಾನು ಮುಂದಿನ ಕಂಬಿ ಹಿಡಿದುಕೊಂಡೆ.

"ಕೆಟ್ಟೋಯ್ತಾ ಡ್ರೈವರಣ್ಣ?"

"ಕೆಟ್ಟಿಲ್ಲ ತಂಗ್ಯವ್ವ. ಇಳುಕಲಲ್ಲಿ ಗಾಡಿ ಆರಿಸ್ಬುಟ್ರೆ ಪೆಟ್ರೋಲ್ ಉಳೀತದೆ. ಬ್ರೇಕ್ ಒಂದ್ರಲ್ಲೇ ಇಡ್ಕೊಬೇಕು, ಅಷ್ಟೇಯ. ಮಂಡ್ಯದೋನು ಮೊದ್ಲಿಂದ್ಲೂ ಇಂಗೇ ಓಡ್ಸೋದು."

ಮನೆಗೆ ಬಂದು ನಾನು ಇದನ್ನು ಇವರಿಗೆ ಹೇಳಿದೆ. ನನಗೆ ಭಯವಾಯಿತು ಎಂದೂ ಹೇಳಿದೆ. ಇವರು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಿದ್ದರು.

"ಎಲ್ಲಾ ಕಡೆ ಡ್ರೈವರ್‌ಗಳು ಅಂಗೇ ಮಾಡೋದು ಕಣಮ್ಮಿ. ನೋಡಿಲ್ಲಿ, ನಮ್ಮೋನ್ದು ಎಷ್ಟು ಏರ್ಯದೆ ಅಂತ. ನಾನು ಏಳ್ಲಿಲ್ವಾ, ಮುದುಕಿಯಲ್ಲ ಅದು."

ಮರುದಿನ ಡ್ರೈವರಣ್ಣನ ಹೆಂಡತಿ ಮಕ್ಕಳಿಗೆಂದು ಇವರು ಮಿಠಾಯಿ ಕಟ್ಟಿಸಿ ಕಳಿಸಿದರು. ಇವರ ಮನಸ್ಸಿನಲ್ಲಿ ಗೆಳೆಯ ಗೆದ್ದ ಸಂತೋಷವೇ ಇತ್ತು. ಇಂದಿಗೂ ನನಗೆ ಅದರಲ್ಲಿ ಅನುಮಾನವಿಲ್ಲ.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ಒಂದು ಮಧ್ಯಾಹ್ನ ಮಳವಳ್ಳಿಯಿಂದ ಬರುವ ಬಸ್ಸು ಹೊತ್ತಾದರೂ ಬರಲಿಲ್ಲ. ಆಮೇಲೆ ಎತ್ತಿನ ಗಾಡಿಯಲ್ಲಿ ಬಂದವನೊಬ್ಬ ಸುದ್ದಿ ತಂದ. ಇಳಿಜಾರಿನಲ್ಲಿ, ಮಳೆಯಲ್ಲಿ, ಆರಿಸಿದ ಗಾಡಿಗೆ ಬ್ರೇಕು ಹಿಡಿಯಲಿಲ್ಲ. ಕೆಳಗೆ ಮೋರಿಯ ಮೇಲೆ ಎದುರಿಗೆ ಹುಲ್ಲಿನ ಗಾಡಿ ನಿಂತಿತ್ತು. ಡ್ರೈವರಣ್ಣ ಅದನ್ನು ತಪ್ಪಿಸಿ ಬಸ್ಸನ್ನು ಗದ್ದೆಗೆ ಇಳಿಸಿದ್ದ. ಬಸ್ಸು ಮಗ್ಗುಲಾಗಿ ಮಲಗಿತು. ಕೆಸರು ಮೆತ್ತಗಿದ್ದುದರಿಂದ ಯಾರೂ ಸಾಯಲಿಲ್ಲ. ಕೈ ಮುರಿದವರು, ಹಲ್ಲು ಹೋದವರು ಇದ್ದರು. ಡ್ರೈವರಣ್ಣನ ಬಲಗಾಲು ಸ್ಟೀರಿಂಗಿನ ಕೆಳಗೆ ಸಿಕ್ಕಿ ಮಂಡಿ ಪುಡಿಯಾಗಿತ್ತು.

ಮಂಡ್ಯದ ಆಸ್ಪತ್ರೆಗೆ ನಾನೂ ಅವನ ಹೆಂಡತಿಯೂ ಇವರ ಜೊತೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದಿದ್ದಳು, ನನ್ನ ಮುಖ ನೋಡಲಿಲ್ಲ. ಅವನು ಕಬ್ಬಿಣದ ಮಂಚದಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಇವರು ಮಂಚದ ಪಕ್ಕ ನಿಂತು ಕೇಳಿದರು.

"ಮಳೇಲಿ ಯಾಕ್ಲಾ ಗಾಡಿ ಆರಿಸ್ದೆ?"

"ಮೈಲಿ ಬೇಕು ಅಂದ್ರಲ್ಲ ಯಜಮಾನ್ರೆ."

ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಇವರು ತಡೆದುಕೊಳ್ಳುತ್ತಿದ್ದರೇನೋ. ಇವರು ಹೊರಗೆ ಬಂದು ಆಸ್ಪತ್ರೆಯ ಜಗಲಿಯ ಮೇಲೆ ಕುಳಿತರು. ನಾನು ನೀರು ತಂದುಕೊಟ್ಟರೆ ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ.

ಕಾಲು ಕೂಡಿಕೊಂಡಿತು, ಆದರೆ ಮಡಿಸಲು ಬರಲಿಲ್ಲ. ಇನ್ನು ಅವನು ಗಾಡಿ ಓಡಿಸುವಂತಿರಲಿಲ್ಲ. ಸ್ಟೇಷನ್ನಿನ ಹತ್ತಿರ ಕುಳಿತು ಜನರನ್ನು ಬಸ್ಸಿಗೆ ಕರೆಯುವ ಕೆಲಸ ಕೊಡುತ್ತೇನೆ ಎಂದು ಇವರು ಎರಡು ಸಲ ಅವನ ಮನೆಗೆ ಹೋದರು. ಎರಡು ಸಲವೂ ಅವನು ಹಿತ್ತಿಲಲ್ಲಿದ್ದಾನೆ, ಮಲಗಿದ್ದಾನೆ ಎಂದು ಹೆಂಡತಿ ಬಾಗಿಲಲ್ಲೇ ಹೇಳಿದಳು. ಆಮೇಲೆ ಅವರು ಮನೆ ಖಾಲಿ ಮಾಡಿಕೊಂಡು ಅವಳ ತವರಿನ ಕಡೆ ಹೋದರು. ನಾಲೆ ಬಯಲಿನಲ್ಲಿ ಯಾರದೋ ಕಬ್ಬಿನ ಗದ್ದೆ ಕಾಯುತ್ತಿದ್ದ ಎಂದು ಕೇಳಿದೆ. ಆ ಬಯಲಿನಲ್ಲಿ ಆಗ ಮಲೇರಿಯಾ ಬಹಳ. ಮುಂದಿನ ವರ್ಷ ಜ್ವರ ಬಂದು ಹೋಗಿಬಿಟ್ಟ. ಸುದ್ದಿ ನಮಗೆ ತಿಥಿ ಕಳೆದ ಮೇಲೆ ಬಂತು.

ಅಷ್ಟು ಹೊತ್ತಿಗೆ ಮಂಡ್ಯದ ಸಾಹುಕಾರರೊಬ್ಬರ ಬಸ್ಸು ನಮ್ಮ ದಾರಿಗೆ ಇಳಿದಿತ್ತು. ಅದು ನಿಲ್ಲದ ಜಾಗವಿಲ್ಲ. ಕೋಳಿ ಹಿಡಿದವನಿಗೂ ನಿಲ್ಲುತ್ತಿತ್ತು, ಬರೀ ಮಾತಾಡಿಸಲು ಕೈ ಎತ್ತಿದವನಿಗೂ ನಿಲ್ಲುತ್ತಿತ್ತು. ನಮ್ಮ ಬಸ್ಸನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದರು. ಗದ್ದೆಗೆ ಬಿದ್ದ ಬಸ್ಸು, ಕೈ ಎತ್ತಿದರೂ ನಿಲ್ಲದ ಬಸ್ಸು ಎಂದು ಎರಡೂ ಸೇರಿ ನಮಗೆ ಹೆಸರಾಗಿತ್ತು. ಈಗ ನಿಲ್ಲಿಸಿ ಎಂದು ಇವರು ಹೇಳಿದರು. ನಿಲ್ಲಿಸಿದರೂ ಹತ್ತುವವರಿಲ್ಲ.

ಆಗ ಇವರು ಮಾಡಿದ್ದನ್ನು ಯಾವ ವ್ಯಾಪಾರಸ್ಥನೂ ತಪ್ಪು ಎನ್ನಲಾರ. ಹಲಗೆಯಲ್ಲಿ ಎಲ್ಲಕ್ಕಿಂತ ಖಾಲಿ ಹೋಗುವ ಟ್ರಿಪ್ಪು ಯಾವುದು ಎಂದು ನೋಡಿ ಅದನ್ನು ನಿಲ್ಲಿಸಿದರು. ಅದು ಮುಸ್ಸಂಜೆಯ ಬಸ್ಸು. ಅದು ನಿಂತ ಮೇಲೆ ಟ್ರಿಪ್ಪಿಗೆ ಎಷ್ಟು ಜನ ಎಂಬ ಲೆಕ್ಕ ಏರಿತು. ಇವರ ಮುಖ ಸ್ವಲ್ಪ ತಿಳಿಯಾಯಿತು. ಆದರೆ ಸಂಜೆ ವಾಪಸು ಬರಲು ಬಸ್ಸಿಲ್ಲ ಎಂದ ಮೇಲೆ ಬೆಳಿಗ್ಗೆ ನಮ್ಮ ಬಸ್ಸಿನಲ್ಲಿ ಹೋಗುವವರೂ ಸಾಹುಕಾರರ ಬಸ್ಸಿಗೆ ಹೋದರು. ಈಗ ಬೆಳಗಿನದೇ ಎಲ್ಲಕ್ಕಿಂತ ಖಾಲಿ. ಅದನ್ನೂ ನಿಲ್ಲಿಸಿದರು. ಲೆಕ್ಕ ಮತ್ತೆ ಏರಿತು. ಹೊಸ ಬಸ್ಸನ್ನು ಮಾರಿಬಿಟ್ಟರು. ಮಂಡ್ಯದವನು ಸಾಹುಕಾರರ ಕಡೆ ಸೇರಿಕೊಂಡ, ಹೋಗುವಾಗ ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿಯೇ ಹೋದ. ರಿಪೇರಿ ಮಾಡಿಸಿದ ಹಳೆಯ ಗಾಡಿ, ಸಂತೆಯ ದಿನ ಮಾತ್ರ, ಒಂದು ಹೋಗುವುದು ಒಂದು ಬರುವುದು, ಇಷ್ಟೇ ಉಳಿಯಿತು. ಸಂತೆಯ ದಿನ ಎರಡು ಬಸ್ಸಿಗೂ ಮೀರಿ ಜನ ಇರುತ್ತಿದ್ದರು. ಸಾಹುಕಾರರ ಬಸ್ಸಿನಲ್ಲಿ ಜಾಗ ಸಿಗದವರು ನಮ್ಮದಕ್ಕೆ ಬರುತ್ತಿದ್ದರು, ಮೇಲೆಯೂ ಹಿಂದೆಯೂ ಜೋತುಬಿದ್ದು ಹೋಗುತ್ತಿದ್ದರು.

ಅಂಥ ಒಂದು ಸಂತೆಯ ಸಂಜೆ ಇವರು ಬರೆದು ಮುಗಿಸಿ, ಹಿಂದೆ ಸರಿದು ನಿಂತು, ಹಲಗೆಯನ್ನು ನೋಡಿದರು. ಬಸ್ಸು ಇಟ್ಟಾಗಿನಿಂದ ಅಷ್ಟು ಒಳ್ಳೆಯ ಲೆಕ್ಕ ಒಂದು ದಿನವೂ ಬಂದಿರಲಿಲ್ಲ. ಟ್ರಿಪ್ಪಿಗೆ ಜನವೂ ಹೆಚ್ಚು, ಗ್ಯಾಲನ್ನಿಗೆ ಮೈಲಿಯೂ ಹೆಚ್ಚು. ಅಡುಗೆಮನೆಯಲ್ಲಿ ಅತ್ತೆ ಮಾರನೆಯ ದಿನಕ್ಕೆ ರಾಗಿ ಎಷ್ಟಿದೆ ಎಂದು ಡಬ್ಬದ ತಳ ಸವರಿ ನೋಡುತ್ತಿದ್ದರು. ನಾನು ನಮ್ಮ ಚೊಚ್ಚಲ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದೆ.

"ಎಲ್ಲಾ ಸರ್ಯಾಗೇ ಮಾಡ್ದೆ ಕಣಮ್ಮಿ," ಎಂದರು. "ಯಾವ್ದು ಸೋಲ್ತದೋ ಅದ ನಿಲ್ಲುಸ್ದೆ. ಯಾವ್ದು ಗೆಲ್ತದೋ ಅದ ಮಡಿಕಂಡೆ. ಮುಳ್ಳು ಒಂದ್ಸಲಾನೂ ಇಳೀಲಿಲ್ಲ."

ಅತ್ತೆ ಒಳಗಿನಿಂದಲೇ ಅಂದರು, "ಬಳ್ಳೀಲಿ ಒಣಗಿದ್ದು ಒಣಗಿದ್ದೇ ಕಿತ್ಕೊಂಡು ಬಂದ್ರೆ ಕಡೇಗೆ ಒಂದೇ ಕಾಯಿ ಉಳೀತದೆ ಕಣಪ್ಪ. ಅದು ಚೆಂದಾಗೇ ಇರ್ತದೆ."

ಆ ತಿಂಗಳು ಕಳೆಯುವುದರೊಳಗೆ ಇವರು ಬಸ್ಸನ್ನು ಕಳಚಿ ಮಾರಿದರು. ಇಂಜಿನ್ನನ್ನು ಯಾರೋ ನೀರೆತ್ತುವುದಕ್ಕೆ ಕೊಂಡರು. ಮರದ ಮೈ ಸೌದೆಗೆ ಹೋಯಿತು.

ಶಿವನಸಮುದ್ರದಲ್ಲಿ ಮತ್ತೆ ಕೆಲಸ ಸಿಗುತ್ತದೆಯೇ ಎಂದು ಕೇಳಿಕೊಂಡು ಬಂದರು. ಇವರ ಜಾಗದಲ್ಲಿ ಬೇರೆಯವರಿದ್ದರು. ಅಪ್ಪ ಕೊತ್ತತ್ತಿಗೆ ಬನ್ನಿ, ಗದ್ದೆ ನೋಡಿಕೊಂಡಿರಿ ಎಂದ. ಮಾವನ ಮನೆಯ ಗದ್ದೆಯಲ್ಲಿ ಆಳಾಗಿರುವುದಕ್ಕೆ ಇವರು ಒಪ್ಪಲಿಲ್ಲ. ಕೊನೆಗೆ ಹೋಗಿ ಸೇರಿದ್ದು ಮಂಡ್ಯದ ಸಾಹುಕಾರರ ಹತ್ತಿರವೇ. ಬಸ್ಸುಗಳನ್ನು ಮಧ್ಯ ದಾರಿಯಲ್ಲಿ ನಿಲ್ಲಿಸಿ, ಹತ್ತಿ, ಒಳಗೆ ಕುಳಿತವರೂ ಕೊಟ್ಟ ಟಿಕೆಟ್ಟೂ ಸರಿಯಿದೆಯೇ ಎಂದು ನೋಡುವ ಕೆಲಸ. ಆರು ತಿಂಗಳಲ್ಲಿ ಸಾಹುಕಾರರು ಇವರ ಬುದ್ಧಿವಂತಿಕೆ ಕಂಡುಕೊಂಡು, ಯಾವ ಯಾವ ಊರಿನಲ್ಲಿ ಬಸ್ಸು ನಿಲ್ಲುವುದು ನಷ್ಟ, ನೋಡಿ ಹೇಳಿ ಎಂದರಂತೆ. ಇವರು ಕುಳಿತು ನೋಡಿ ಹೇಳಿದರು. ಆ ಊರುಗಳಲ್ಲಿ ಬಸ್ಸು ನಿಲ್ಲುವುದು ತಪ್ಪಿತು.

"ಮತ್ತೆ ಯಾಕೆ ಮಾಡಿಕೊಟ್ರಿ?" ಎಂದು ನಾನು ಕೇಳಿದೆ. ಜಗಳಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದೆ.

"ನಂಗೆ ಬರೋದು ಅದೊಂದೇ," ಎಂದರು.

ಆ ವರ್ಷ ಮಗುವನ್ನು ಎತ್ತಿಕೊಂಡು ತವರಿಗೆ ಹೊರಟೆ. ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ಸಾಹುಕಾರರ ಬಸ್ಸು. ಟಿಕೆಟ್ಟು ಕೊಂಡು ಹೆಂಗಸರ ಸೀಟಿನಲ್ಲಿ ಕುಳಿತಿದ್ದೆ. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು, ಇವರು ಹತ್ತಿದರು. ನಾನು ಅದೇ ಬಸ್ಸಿನಲ್ಲಿರುತ್ತೇನೆಂದು ಇವರಿಗೆ ಗೊತ್ತಿತ್ತು. ಖಾಕಿ ಕೋಟು ಭುಜದಲ್ಲಿ ಸಡಿಲವಾಗಿತ್ತು. ಹಿಂದಿನಿಂದ ಶುರು ಮಾಡಿ ಒಂದೊಂದು ಸೀಟಿನ ಬೆನ್ನನ್ನೂ ಬೆರಳಿನಿಂದ ಮುಟ್ಟುತ್ತಾ, ತುಟಿಯಲ್ಲೇ ಎಣಿಸುತ್ತಾ ಮುಂದೆ ಬಂದರು. ಮಗು ಇವರನ್ನು ಕಂಡು ಕೈ ಚಾಚಿತು. ನನ್ನ ಸೀಟನ್ನೂ ಮುಟ್ಟಿದರು, ಎಣಿಕೆ ತಪ್ಪದಂತೆ ನನ್ನ ಟಿಕೆಟ್ಟನ್ನೂ ನೋಡಿ ವಾಪಸು ಕೊಟ್ಟು, ಮುಂದಿನವರ ಹತ್ತಿರ ಹೋದರು.